ಕೇಳದೆ ಬಂದ ಹಕ್ಕಿಗೆ ಕಾವಲು ಯಾರು?

ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಮುಂದಿನ ಚೌಕದಲ್ಲಿ ನಿಂತು ಸುತ್ತ ಕಣ್ಣು ಹಾಯಿಸಿ. ಹೆಣ್ಣಿನ ಬಸಿರಿನ ಬಗ್ಗೆ ತಮಗೂ ಒಂದು ಮಾತಿದೆ ಎನ್ನುವವರೆಲ್ಲ ನಡೆದು ಮುಟ್ಟುವಷ್ಟು ಹತ್ತಿರದಲ್ಲೇ ಇದ್ದಾರೆ. ಒಂದು ಪಕ್ಕ ಸಂತ ಮೇರಿ ಬೆಸಿಲಿಕಾದ ಗೋಪುರ. ಗಲ್ಲಿಗಳಲ್ಲಿ ಮಸೀದಿಗಳು, ಅಮ್ಮನ ಗುಡಿಗಳು. ಬೌರಿಂಗ್ ಆಸ್ಪತ್ರೆಯೂ ಘೋಷಾ ಆಸ್ಪತ್ರೆಯೂ ಇದೇ ಪೇಟೆಯವು. ಮಾರುಕಟ್ಟೆಯ ಕಟ್ಟಡ 1927ರದು, ಬಾಗಿಲು ತೆರೆದದ್ದು 1933ರಲ್ಲಿ. ಉದ್ಘಾಟಿಸಿದವರು ಕಂಟೋನ್ಮೆಂಟಿನ ದೊಡ್ಡ ವ್ಯಾಪಾರಿ ಇಸ್ಮಾಯಿಲ್ ಸೇಠ್. ಪರದೆಯಲ್ಲಿರುವ ಹೆಂಗಸರೂ ಮುಜುಗರವಿಲ್ಲದೆ ಹೆರಿಗೆಗೆ ಬರಲೆಂದು ಎದ್ದ ಘೋಷಾ ಆಸ್ಪತ್ರೆಗೂ ಅವರದೇ ಹೆಸರು: ಹಾಜಿ ಸರ್ ಇಸ್ಮಾಯಿಲ್ ಸೇಠ್ ಘೋಷಾ ಆಸ್ಪತ್ರೆ.

ಇಲ್ಲಿ ಹೂವು ಕಟ್ಟುವವರು, ಸೊಪ್ಪು ಮಾರುವವರು, ಮೀನು ಕೊಳ್ಳಲು ಬರುವವರು ಕನ್ನಡ, ತಮಿಳು, ದಖನಿ ಉರ್ದು ಮೂರನ್ನೂ ಬೆರೆಸಿ ಮಾತಾಡುತ್ತಾರೆ. ಬೆಲೆಯ ಬಗ್ಗೆ, ನೀರಿನ ಬಗ್ಗೆ, ಸೊಸೆಯ ಬಗ್ಗೆ ಗಟ್ಟಿ ದನಿಯಲ್ಲೇ ಮಾತು. ಒಂದೇ ಒಂದು ವಿಷಯಕ್ಕೆ ದನಿ ಇಳಿಯುತ್ತದೆ. ‘ಅಣ್ಣಾ, ತಿಂಗಳು ನಿಂತಿದೆ, ಮಾತ್ರೆ ಇದ್ದರೆ ಕೊಡಿ’ ಎಂದು ಮೆಡಿಕಲ್ ಸ್ಟೋರಿನ ಗಾಜಿನ ಮೇಲೆ ಬಾಗಿ ಕೇಳುವ ಮಾತು ಈ ನಗರದ ಯಾವ ಬಡಾವಣೆಗೂ ಹೊಸದಲ್ಲ. ಕೆಲವರು ಡಾಕ್ಟರ ಚೀಟಿ ಕೇಳುತ್ತಾರೆ, ಕೆಲವರು ಕೊಟ್ಟುಬಿಡುತ್ತಾರೆ, ಇನ್ನು ಕೆಲವರು ‘ಅದನ್ನೆಲ್ಲ ಇಟ್ಟಿಲ್ಲಮ್ಮ’ ಎಂದು ಮುಖ ತಿರುಗಿಸುತ್ತಾರೆ.

ಈ ದೇಶದಲ್ಲಿ ಗರ್ಭಪಾತ ಎಷ್ಟು ಸಾಮಾನ್ಯ ಎಂಬುದಕ್ಕೆ ಲೆಕ್ಕವಿದೆ. 2015ರಲ್ಲಿ ಭಾರತದಲ್ಲಿ ಸುಮಾರು 1.56 ಕೋಟಿ ಗರ್ಭಪಾತಗಳು ನಡೆದವು ಎಂದು ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜು ಮಾಡಿತು. ಅವುಗಳಲ್ಲಿ ಶೇ 73ರಷ್ಟು ಆಸ್ಪತ್ರೆಯ ಹೊರಗೆ, ಮಾತ್ರೆ ನುಂಗಿ ಆದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರವೂ ಶೇ 27ರಷ್ಟು ಗರ್ಭಪಾತಗಳನ್ನು ಹೆಂಗಸು ಮನೆಯಲ್ಲಿ ತಾನೇ ಮಾಡಿಕೊಂಡಿದ್ದಾಳೆ. ಲೆಕ್ಕ ಹಾಕುವ ರೀತಿ ಬೇರೆಯಾದ್ದರಿಂದ ಎರಡು ಅಂಕಿಗಳೂ ಬೇರೆ. ಆದರೆ ಎರಡೂ ತೋರುವ ದಿಕ್ಕು ಒಂದೇ. ನಮ್ಮ ಅಕ್ಕ, ಅತ್ತಿಗೆ, ಪಕ್ಕದ ಮನೆಯಾಕೆ, ಕೆಲಸದ ಜಾಗದ ಗೆಳತಿ, ಯಾರೋ ಒಬ್ಬರು ಈ ದಾರಿ ತುಳಿದೇ ಇದ್ದಾರೆ. ಹಾಗಿದ್ದೂ ಇದು ನಮ್ಮ ರಾಜಕೀಯದ ಮಾತಾಗಿಲ್ಲ. ‘ಕಾನೂನು ಇದೆಯಲ್ಲ, ಇನ್ನೇನು’ ಎಂಬ ನಿಶ್ಚಿಂತೆ ನಮ್ಮಲ್ಲಿ ಬೇರೂರಿದೆ. ಈ ನಿಶ್ಚಿಂತೆ ನನಗೆ ಭಯ ಹುಟ್ಟಿಸುತ್ತದೆ. ಯಾಕೆ ಎಂದು ಹೇಳಬೇಕಾದರೆ ಆ ಕಾನೂನು ಬಂದ ಬಗೆಯನ್ನು ನೋಡಬೇಕು.

ಹೆಂಗಸರ ಬಸಿರಿನ ವಿಚಾರದಲ್ಲಿ ಸರ್ಕಾರ ತಾನಾಗಿ ಮುಂದೆ ಬಂದದ್ದು ನಮ್ಮ ನಾಡಿಗೆ ಹೊಸತಲ್ಲ. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಆದೇಶ ಹೊರಡಿಸಿತು. ಜಗತ್ತಿನಲ್ಲೇ ಸರ್ಕಾರವೊಂದು ಇಂಥ ಕೆಲಸಕ್ಕೆ ಕೈಹಾಕಿದ ಮೊದಲ ಉದಾಹರಣೆಗಳಲ್ಲಿ ಇದನ್ನು ಎಣಿಸುತ್ತಾರೆ. ರಸೆಲ್ ಮಾರುಕಟ್ಟೆಯ ಸುತ್ತಲಿನ ಹೆಂಗಸರು ಆ ಆದೇಶದ ಗಡಿಯಾಚೆ ಇದ್ದರು. ಕಂಟೋನ್ಮೆಂಟ್ ಆಗ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿದ್ದ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್. ಅದು ಮೈಸೂರಿಗೆ ಮರಳಿದ್ದು 1947ರಲ್ಲಿ. ಒಂದೇ ಊರಿನ ಎರಡು ಪೇಟೆಗಳಲ್ಲಿ ಹೆಣ್ಣಿನ ದೇಹಕ್ಕೆ ಎರಡು ಆಡಳಿತ. ಆ ಕಡೆಯವರನ್ನೂ ಯಾರೂ ಕೇಳಲಿಲ್ಲ, ಈ ಕಡೆಯವರನ್ನೂ ಕೇಳಲಿಲ್ಲ.

ಸ್ವತಂತ್ರ ಭಾರತದಲ್ಲೂ ಕಥೆ ಹೆಚ್ಚು ಬದಲಾಗಲಿಲ್ಲ. 1860ರ ಭಾರತೀಯ ದಂಡಸಂಹಿತೆಯ 312ನೇ ಕಲಮು ಗರ್ಭಪಾತವನ್ನು ಅಪರಾಧವೆಂದು ಸಾರಿತ್ತು. ಮೂರು ವರ್ಷದವರೆಗೆ ಸೆರೆ, ಹೊಟ್ಟೆಯಲ್ಲಿ ಮಗು ಮಿಸುಕಾಡುವ ಹಂತ ತಲುಪಿದ್ದರೆ ಏಳು ವರ್ಷದವರೆಗೆ. ಬಸಿರನ್ನು ತಾನೇ ಕಳೆದುಕೊಂಡ ಹೆಂಗಸೂ ಅಪರಾಧಿಯೇ. ಕಳ್ಳ ಬಸಿರು ತೆಗೆಸಲು ಹೋಗಿ ನಂಜೇರಿ ಸತ್ತವರ ಸಂಖ್ಯೆ ಸರ್ಕಾರದ ಕಣ್ಣಿಗೂ ಬಿತ್ತು. 1964ರಲ್ಲಿ ಮಹಾರಾಷ್ಟ್ರದ ಶಾಂತಿಲಾಲ್ ಶಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು, 1966ರಲ್ಲಿ ಅದು ವರದಿ ಕೊಟ್ಟಿತು. 1967ರಿಂದ 1970ರವರೆಗೆ ಕೇಂದ್ರದಲ್ಲಿ ಆರೋಗ್ಯ ಮತ್ತು ಕುಟುಂಬ ಯೋಜನೆಯ ಸಚಿವರಾಗಿದ್ದ ಎಸ್. ಚಂದ್ರಶೇಖರ್ ಸ್ವತಃ ಜನಸಂಖ್ಯಾ ತಜ್ಞರು. ಜನಸಂಖ್ಯೆ ಹೆಚ್ಚುತ್ತಿದೆ ಎಂಬ ಗಾಬರಿಯ ಕಾಲ ಅದು. ತಾಯಂದಿರ ಸಾವಿನ ಕಾಳಜಿ, ವೈದ್ಯರಿಗೆ ಕಾನೂನಿನ ರಕ್ಷಣೆ, ಜನಸಂಖ್ಯೆಯ ಲೆಕ್ಕಾಚಾರ, ಈ ಮೂರೂ ಸೇರಿ 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯ್ದೆ ಹುಟ್ಟಿತು. ಆಗಸ್ಟ್ 10ರಂದು ರಾಷ್ಟ್ರಪತಿಗಳ ಅಂಕಿತ, 1972ರ ಏಪ್ರಿಲ್ 1ರಿಂದ ಜಾರಿ. ಗರ್ಭಪಾತ ಹೆಂಗಸಿನ ಹಕ್ಕೆಂದ ರೋ ವಿರುದ್ಧ ವೇಡ್ ತೀರ್ಪನ್ನು ಅಮೆರಿಕದ ಸುಪ್ರೀಂ ಕೋರ್ಟು ಕೊಟ್ಟದ್ದು ಅದಾದ ಮೇಲೆ, 1973ರ ಜನವರಿಯಲ್ಲಿ.

ನಮ್ಮ ಕಾಯ್ದೆ ಹೆಂಗಸಿಗೆ ಹಕ್ಕನ್ನೇನೂ ಬರೆದುಕೊಡಲಿಲ್ಲ. ಇಂತಿಂಥ ಕಾರಣಕ್ಕೆ, ಇಷ್ಟು ವಾರದೊಳಗೆ, ವೈದ್ಯರು ಸದ್ಭಾವನೆಯಿಂದ ಸರಿಯೆಂದು ಭಾವಿಸಿದರೆ ಅವರ ಮೇಲೆ ಮೊಕದ್ದಮೆ ಇಲ್ಲ ಎಂದಿತು, ಅಷ್ಟೇ. ಲೇಖನಿ ವೈದ್ಯರ ಕೈಯಲ್ಲಿ ಉಳಿಯಿತು. ಗರ್ಭನಿರೋಧಕ ವಿಫಲವಾಯಿತು ಎಂಬ ಕಾರಣವನ್ನು ಮದುವೆಯಾದವಳು ಮಾತ್ರ ಹೇಳಬಹುದಿತ್ತು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ತೆರೆಗೆ ಬಂದದ್ದು 1977ರಲ್ಲಿ, ಕಾಯ್ದೆ ಜಾರಿಯಾಗಿ ಐದು ವರ್ಷದ ನಂತರ. ಯು.ಆರ್. ಅನಂತಮೂರ್ತಿಯವರ ಕಥೆಯ ಯಮುನೆ ಹಳೆಯ ಅಗ್ರಹಾರದ ಬಾಲವಿಧವೆ. ಬಸಿರು ಕಳೆದುಕೊಂಡ ಆಕೆಗೆ ಬದುಕಿದ್ದಾಗಲೇ ಶ್ರಾದ್ಧ. ಆ ಚಿತ್ರ ನೋಡಿ ಕಣ್ಣೀರು ಹಾಕಿದ ಎಷ್ಟೋ ಮಂದಿಗೆ ಅದು ಕಳೆದುಹೋದ ಕಾಲದ ಕಥೆಯೆನಿಸಿತು. ಆದರೆ ಹೊಸ ಕಾಯ್ದೆಯಲ್ಲೂ ಯಮುನೆಯಂಥವಳು ಆಸ್ಪತ್ರೆಯ ಮೇಜಿನ ಮುಂದೆ ಕೂತು ಏನು ಹೇಳಬಹುದಿತ್ತು? ಬಲಾತ್ಕಾರವಾಯಿತು ಎಂದು ಸುಳ್ಳಾಡಬೇಕು, ಇಲ್ಲವೇ ಮನಸ್ಸು ಕೆಡುತ್ತದೆ ಎಂದು ವೈದ್ಯರನ್ನು ಒಪ್ಪಿಸಬೇಕು. ‘ವಿವಾಹಿತೆ ಅಥವಾ ಆಕೆಯ ಗಂಡ’ ಎಂಬುದು ‘ಯಾವುದೇ ಮಹಿಳೆ ಅಥವಾ ಆಕೆಯ ಸಂಗಾತಿ’ ಎಂದಾಗಲು 2021ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಸರಿಯಾಗಿ ಅರ್ಧ ಶತಮಾನ.

ಆ ತಿದ್ದುಪಡಿಗೂ ದೊಡ್ಡ ಚಳವಳಿಯ ಬೆಂಬಲ ಕಾಣಲಿಲ್ಲ. ವೈದ್ಯರು, ವಕೀಲರು, ಕೆಲವು ಮಹಿಳಾ ಸಂಘಟನೆಗಳು ವರ್ಷಗಟ್ಟಲೆ ಮನವಿ ಬರೆದರು. ಸಾಲುಸಾಲಾಗಿ ಕೋರ್ಟು ಮೆಟ್ಟಿಲು ಹತ್ತಿದ ಹೆಂಗಸರ ಅರ್ಜಿಗಳು ಒತ್ತಡ ತಂದವು. 2020ರ ಮಾರ್ಚ್‌ನಲ್ಲಿ ಲೋಕಸಭೆ, 2021ರ ಮಾರ್ಚ್‌ನಲ್ಲಿ ರಾಜ್ಯಸಭೆ ಒಪ್ಪಿದವು. ಈಗ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತರು, ಬಸುರಿಯಾಗಿದ್ದಾಗ ಗಂಡನನ್ನು ಕಳೆದುಕೊಂಡವರು ಅಥವಾ ವಿಚ್ಛೇದನ ಪಡೆದವರು, ಅಂಗವಿಕಲರು ಮುಂತಾದವರಿಗೆ 24 ವಾರದವರೆಗೆ ಇಬ್ಬರು ವೈದ್ಯರು. ಅದರಾಚೆ ಭ್ರೂಣದಲ್ಲಿ ಗಂಭೀರ ದೋಷವಿದ್ದರೆ ವೈದ್ಯಕೀಯ ಮಂಡಳಿ. ಮುಂದಿನ ವರ್ಷ, 2022ರ ಸೆಪ್ಟೆಂಬರ್ 29ರಂದು, ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಮದುವೆಯಾಗದವರಿಗೂ 24 ವಾರದ ಅವಕಾಶ ಸಲ್ಲಬೇಕೆಂದಿತು. ಗಂಡನ ಬಲಾತ್ಕಾರದಿಂದಾದ ಬಸಿರನ್ನೂ ಈ ಕಾಯ್ದೆಯ ಮಟ್ಟಿಗೆ ಅತ್ಯಾಚಾರವೆಂದೇ ನೋಡಬೇಕು ಎಂದಿತು. ಆ ಪೀಠದಲ್ಲಿ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಜತೆ ಕರ್ನಾಟಕದ ಎ.ಎಸ್. ಬೋಪಣ್ಣ ಇದ್ದರು. ಆ ತೀರ್ಪಿನ ಬುನಾದಿಯಲ್ಲಿ ಒಂದು ಕಲ್ಲು ಬೆಂಗಳೂರಿನದೇ. ರಾಜ್ಯ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಇಳಿವಯಸ್ಸಿನಲ್ಲಿ ಆಧಾರ್ ವಿರುದ್ಧ ಹೂಡಿದ ದಾವೆಯಲ್ಲಿ 2017ರ ಆಗಸ್ಟ್‌ನಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಹೆರಬೇಕೋ ಬೇಡವೋ ಎಂಬ ತೀರ್ಮಾನವೂ ಆ ಖಾಸಗಿತನದೊಳಗೆ ಬರುತ್ತದೆ.

ಇಷ್ಟೆಲ್ಲ ಒಳ್ಳೆಯದು ಆಗಿರುವುದರಿಂದಲೇ ನಾವು ಮೈಮರೆತಿದ್ದೇವೆ.

2021ರ ಆಗಸ್ಟ್ 10ಕ್ಕೆ ಕಾಯ್ದೆಗೆ 50 ತುಂಬಿತು. ಆ ದಿನವನ್ನು ನೆನಪಿಟ್ಟುಕೊಂಡವರು ಯಾರು? ಕೆಥೊಲಿಕ್ ಸಂಘಟನೆಗಳು. ಹುಟ್ಟದೆ ಹೋದ ಮಕ್ಕಳಿಗಾಗಿ ಶೋಕದಿನವೆಂದು ದೇಶದ ಹಲವೆಡೆ ಪ್ರಾರ್ಥನೆ ನಡೆಸಿದವು. ಅವರ ನಿಲುವನ್ನು ನಾನು ಒಪ್ಪುವುದಿಲ್ಲ, ಆದರೆ ನಿಷ್ಠೆಯನ್ನು ಅಲ್ಲಗಳೆಯಲಾರೆ. ತಾವು ತಪ್ಪೆಂದು ನಂಬಿದ ಕಾನೂನಿನ ಹುಟ್ಟುದಿನ ಅವರಿಗೆ ಗೊತ್ತಿದೆ. ಆ ಕಾನೂನಿನಿಂದ ಜೀವ ಉಳಿಸಿಕೊಂಡ ಲಕ್ಷಾಂತರ ಹೆಂಗಸರಿಗೆ, ಅವರ ಪರ ಮಾತಾಡುವ ನಮ್ಮಂಥವರಿಗೆ, ಅದೊಂದು ಸಾಧಾರಣ ಮಂಗಳವಾರವಾಗಿತ್ತು.

ಇದಕ್ಕಿಂತ ದೊಡ್ಡ ಮರೆವು 2023ರ ಡಿಸೆಂಬರ್‌ನದು. ಹಳೆಯ ದಂಡಸಂಹಿತೆ ವಸಾಹತುಶಾಹಿಯ ಪಳೆಯುಳಿಕೆ ಎಂದು ಸರ್ಕಾರ ಅದನ್ನು ತೆಗೆದು ಭಾರತೀಯ ನ್ಯಾಯ ಸಂಹಿತೆಯನ್ನು ತಂದಿತು. ವಿರೋಧ ಪಕ್ಷಗಳ ನೂರಕ್ಕೂ ಹೆಚ್ಚು ಸಂಸದರು ಅಮಾನತಾಗಿದ್ದ ಹೊತ್ತಿನಲ್ಲಿ ಎರಡೂ ಸದನಗಳು ಒಪ್ಪಿದವು. 2024ರ ಜುಲೈ 1ರಿಂದ ಅದೇ ಜಾರಿಯಲ್ಲಿದೆ. 312ನೇ ಕಲಮು ಈಗ 88ನೇ ಕಲಮು. ಶಿಕ್ಷೆ ಅದೇ, ತನ್ನ ಬಸಿರನ್ನು ತಾನೇ ಕಳೆದುಕೊಂಡವಳನ್ನು ಅಪರಾಧದ ವ್ಯಾಪ್ತಿಗೆ ಸೇರಿಸುವ ವಿವರಣೆಯೂ ಅದೇ. ಎಂದರೆ ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಮಾತ್ರೆಯ ಕಿಟ್ ಕೊಂಡು ಮನೆಯ ಬಚ್ಚಲಲ್ಲಿ ಒಬ್ಬಳೇ ನೋವು ತಿನ್ನುವ ಹೆಂಗಸು ಕಾಗದದ ಮೇಲೆ ಇವತ್ತಿಗೂ ಸೆರೆಗೆ ಅರ್ಹಳು. ನೂರ ಅರವತ್ತು ವರ್ಷಕ್ಕೂ ಹಳೆಯ ಈ ಮಾತನ್ನು ತೆಗೆಸುವ ಅವಕಾಶ ಬಾಗಿಲಿಗೇ ಬಂದು ನಿಂತಿತ್ತು. ಇದಕ್ಕಾಗಿ ಬೆಂಗಳೂರಿನಲ್ಲಿ ಒಂದು ಮೆರವಣಿಗೆ ಹೊರಟದ್ದನ್ನು ನಾನು ಕಾಣಲಿಲ್ಲ. ಪ್ರತಿಭಟನೆಗೆ ಗೊತ್ತುಮಾಡಿದ ಫ್ರೀಡಂ ಪಾರ್ಕ್ ಇದೇ ಊರಿನಲ್ಲಿದೆ.

ಹೆಂಗಸರೆಲ್ಲ ಒಂದೇ ಮಾತಾಡುತ್ತಿದ್ದರೆ ಮೆರವಣಿಗೆ ಸುಲಭವಿತ್ತು. ಆದರೆ ಈ ವಿಷಯದಲ್ಲಿ ಹೆಂಗಸರು ಒಂದೇ ಮಾತಾಡುವುದಿಲ್ಲ. ರಸೆಲ್ ಮಾರುಕಟ್ಟೆಯ ಸುತ್ತ ಒಂದು ಸುತ್ತು ಹಾಕಿದರೆ ಅದು ಗೊತ್ತಾಗುತ್ತದೆ.

ಸೆಪ್ಟೆಂಬರ್ 8ರ ಮೇರಿ ಮಾತೆಯ ಹಬ್ಬಕ್ಕೆ ಕಾವಿ ಬಣ್ಣದ ಸೀರೆಯುಟ್ಟು ಬೆಸಿಲಿಕಾಕ್ಕೆ ನಡೆದು ಬರುವ ಹೆಂಗಸರಲ್ಲಿ ಮಕ್ಕಳಿಲ್ಲವೆಂದು ಹರಕೆ ಹೊತ್ತವರಿದ್ದಾರೆ. ಬಸಿರು ಅವರಿಗೆ ದೇವರು ಕೊಟ್ಟದ್ದು, ಅದನ್ನು ತೆಗೆಸುವುದು ಕೊಲೆಗೆ ಸಮ. ಕೆಥೊಲಿಕ್ ಧರ್ಮಸಭೆಯ ಬೋಧನೆಯೂ ಅದೇ: ಗರ್ಭ ಕಟ್ಟಿದ ಗಳಿಗೆಯಿಂದಲೇ ಅದು ಜೀವ. ಅವರ ಆಸ್ಪತ್ರೆಗಳು ಗರ್ಭಪಾತ ಮಾಡುವುದಿಲ್ಲ. ಹಾಗೆಂದು ಆ ಹೆಂಗಸರಲ್ಲಿ ತೆಗೆಸಿಕೊಂಡವರೇ ಇಲ್ಲವೆಂದಲ್ಲ. ತೆಗೆಸಿಕೊಂಡು, ಪಾಪನಿವೇದನೆಯ ಪೀಠದ ಮುಂದೆ ಮೊಣಕಾಲೂರಿದವರೂ ಇರುತ್ತಾರೆ. ಈ ಪಾಪಕ್ಕೆ ಕ್ಷಮಾಪಣೆ ಕೊಡುವ ಅಧಿಕಾರವನ್ನು ಪೋಪ್ ಫ್ರಾನ್ಸಿಸ್ 2016ರಲ್ಲಿ ಎಲ್ಲ ಪಾದ್ರಿಗಳಿಗೂ ಕಾಯಂ ಆಗಿ ಕೊಟ್ಟರು. ಬೋಧನೆಯನ್ನು ಕೂದಲೆಳೆಯಷ್ಟೂ ಸಡಿಲಿಸಲಿಲ್ಲ, ಹೆಂಗಸಿನ ಸಂಕಟ ಇದೆಯೆಂದು ಮಾತ್ರ ಒಪ್ಪಿದರು.

ಮುಸ್ಲಿಂ ಹೆಂಗಸರಲ್ಲಿ ಚರ್ಚೆಯ ದಾರಿಯೇ ಬೇರೆ. ಗರ್ಭಕ್ಕೆ 120 ದಿನಕ್ಕೆ ಆತ್ಮ ಸೇರುತ್ತದೆ ಎಂಬುದು ಹಳೆಯ ನಂಬಿಕೆ. ಅದಕ್ಕೆ ಮೊದಲು ತಕ್ಕ ಕಾರಣವಿದ್ದರೆ ಆಗಬಹುದು ಎಂದ ಹನಫಿ ಪಂಡಿತರಿದ್ದಾರೆ, ಮೊದಲ ದಿನದಿಂದಲೇ ಸಲ್ಲದು ಎಂದವರೂ ಇದ್ದಾರೆ. ತಾಯಿಯ ಜೀವಕ್ಕೆ ಅಪಾಯ ಬಂದಾಗ ತಾಯಿಯೇ ಮೊದಲು ಎಂಬುದರಲ್ಲಿ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ಎದೆಹಾಲು ಕುಡಿಯುವ ಕೂಸು ಇರುವಾಗಲೇ ಮತ್ತೆ ತಿಂಗಳು ನಿಂತರೆ ಏನು ಮಾಡುವುದು ಎಂಬ ಪ್ರಶ್ನೆಗೆ ಆ ಮನೆಯ ಅಜ್ಜಿ, ಮದರಸಾದಲ್ಲಿ ಕಲಿತ ಮಗಳು, ಗಾರ್ಮೆಂಟ್ಸ್‌ಗೆ ಹೋಗುವ ಸೊಸೆ ಮೂರು ಉತ್ತರ ಕೊಡಬಹುದು. ಹಿಂದೂ ಮನೆಗಳಲ್ಲಿ ಪಾಪಪ್ರಜ್ಞೆಯ ಮಾತು ಗಟ್ಟಿಯಾಗಿ ಕೇಳದು. ಎರಡು ಮಕ್ಕಳಾದ ಮೇಲೆ ‘ತೆಗೆಸಿಬಿಟ್ಟೆ’ ಎನ್ನುವುದು ಆಪರೇಷನ್ ಮಾಡಿಸಿಕೊಂಡೆ ಎನ್ನುವಷ್ಟೇ ಸಲೀಸು. ಅದೇ ಮನೆಯ ಮದುವೆಯಾಗದ ಮಗಳಿಗೆ ಅದೇ ಮಾತ್ರೆ ಬೇಕಾದರೆ ಮಾನ ಹೋಯಿತು. ಇಂದಿರಾನಗರದಲ್ಲೋ ಕೆ.ಆರ್. ಪುರದಲ್ಲೋ ಪಿ.ಜಿ.ಯಲ್ಲಿರುವ ಹುಡುಗಿ ಆಸ್ಪತ್ರೆಯಲ್ಲಿ ಎದುರಿಸುವ ಮೊದಲ ಪ್ರಶ್ನೆ ‘ಮದುವೆ ಆಗಿದೆಯೇನಮ್ಮ?’ ಎಂಬುದೇ. ಆಕೆ 18 ದಾಟಿದವಳಾದರೆ ಸಾಕು, ಮದುವೆಯ ದಾಖಲೆಯನ್ನೂ ಗಂಡನ ಸಹಿಯನ್ನೂ ಕಾನೂನು ಕೇಳುವುದಿಲ್ಲ. ಕೌಂಟರ್ ಕೇಳುತ್ತದೆ.

ಇನ್ನು ಹೆಣ್ಣುಮಕ್ಕಳ ಪರವಾಗಿಯೇ ದುಡಿದವರ ನಡುವಿನ ಭಿನ್ನಾಭಿಪ್ರಾಯ. ಇದು ಎಲ್ಲಕ್ಕಿಂತ ನೋವಿನದು, ಇದರ ಬಗ್ಗೆ ನಾವು ಮಾತಾಡಿದ್ದೂ ಕಡಿಮೆ. ಭ್ರೂಣಲಿಂಗ ಪತ್ತೆ ನಿಷೇಧಿಸುವ 1994ರ ಕಾಯ್ದೆಗಾಗಿ ಹೋರಾಡಿದವರು ಹೆಂಗಸರು. ಅದು ಬೇಕಾಗಿತ್ತು, ಇವತ್ತಿಗೂ ಬೇಕು. 2023ರ ಕೊನೆಯಲ್ಲಿ ಇದೇ ಪೂರ್ವ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಬಯಲಿಗೆಳೆದ ಜಾಲವನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೆಣ್ಣೋ ಗಂಡೋ ನೋಡುವುದು, ಹೆಣ್ಣಾದರೆ ಮೈಸೂರಿನಲ್ಲಿ ತೆಗೆಯುವುದು. ಹೀಗೆ ಸುಮಾರು 900 ಗರ್ಭಪಾತ ಮಾಡಿರಬಹುದೆಂದು ಆಗ ಪೊಲೀಸರು ಹೇಳಿದರು. ಪ್ರಕರಣ ಸಿಐಡಿಗೆ ಹೋಯಿತು. ಬೆಲ್ಲ ಬೇಯಿಸುವ ಜಾಗದಲ್ಲಿ ಹೆಣ್ಣು ಹುಟ್ಟಬಾರದೆಂಬ ತೀರ್ಪು. ಆ ಆಲೆಮನೆಗೆ ಹೋದ ಬಸುರಿಯರನ್ನು ಕರೆದೊಯ್ದವರಲ್ಲಿ ಅತ್ತೆ, ತಾಯಿ, ನಾದಿನಿಯರು ಇರಲಿಲ್ಲವೆಂದು ಯಾರು ಎದೆ ಮುಟ್ಟಿ ಹೇಳಬಲ್ಲರು? ಗಂಡು ಬೇಕೆಂದು ಮನೆಯೆಲ್ಲ ಒತ್ತುತ್ತಿರುವಾಗ ‘ಆಕೆಯ ಆಯ್ಕೆ’ ಎಂಬ ಮಾತಿಗೆ ಏನು ಬೆಲೆ ಎಂದು ಕೇಳುವ ಸ್ತ್ರೀವಾದಿಗಳ ಪ್ರಶ್ನೆ ನ್ಯಾಯವಾದದ್ದು.

ಆದರೆ ಆ ಹೋರಾಟದ ನೆರಳು ಎಲ್ಲಿ ಬಿತ್ತು ಎಂಬುದನ್ನೂ ನೋಡಬೇಕು. ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಫಲಕ ಪ್ರತಿ ಸ್ಕ್ಯಾನಿಂಗ್ ಕೇಂದ್ರದಲ್ಲಿ ಕಡ್ಡಾಯ. ಇಂತಿಷ್ಟು ವಾರದವರೆಗೆ ಗರ್ಭಪಾತ ಕಾನೂನುಬದ್ಧ, ಗಂಡನ ಸಹಿ ಬೇಡ, ನಿಮ್ಮ ಹೆಸರು ಗುಟ್ಟಾಗಿರುತ್ತದೆ ಎಂದು ಎದ್ದು ಕಾಣುವಂತೆ ಬರೆದ ಫಲಕ ನನ್ನ ಕಣ್ಣಿಗೆ ಬಿದ್ದಿಲ್ಲ. ಭ್ರೂಣಹತ್ಯೆ ಪಾಪವೆಂದು ಗೋಡೆಗಳ ಮೇಲೆ ಓದಿ ಬೆಳೆದ ಹುಡುಗಿಗೆ ಗರ್ಭಪಾತವೆಲ್ಲ ಕಾನೂನುಬಾಹಿರ ಎನಿಸಿದರೆ ತಪ್ಪು ಅವಳದಲ್ಲ. ದಾಳಿಗೆ ಹೆದರಿ ಮಾತ್ರೆಯನ್ನೇ ಇಡದ ಔಷಧ ಅಂಗಡಿಯವರೂ ಇದ್ದಾರೆ. ಹೆಣ್ಣು ಭ್ರೂಣ ಉಳಿಸಲು ಹಾಕಿದ ಬೇಲಿಗೆ ಹೆಣ್ಣೇ ಸಿಕ್ಕಿಕೊಂಡಿದ್ದಾಳೆ. ಇಷ್ಟು ಸಾಲದೆಂಬಂತೆ ಅಂಗವಿಕಲ ಹೆಂಗಸರು ಇನ್ನೊಂದು ಪ್ರಶ್ನೆ ಎತ್ತಿದ್ದಾರೆ: ದೋಷವಿದೆಯೆಂದರೆ ಮಾತ್ರ ವಾರದ ಮಿತಿಯನ್ನೇ ತೆಗೆಯುವ ಕಾನೂನು, ನಮ್ಮಂಥವರು ಹುಟ್ಟದಿದ್ದರೂ ಆದೀತು ಎನ್ನುತ್ತಿಲ್ಲವೇ? ಇದಕ್ಕೆ ಸುಲಭದ ಉತ್ತರ ನನ್ನ ಬಳಿ ಇಲ್ಲ. ಬಲವಂತದ ಆಲೆಮನೆಗೂ ದೋಷದ ಪಟ್ಟಿಗೂ ಸೇರಿ ಒಂದೇ ಪರಿಹಾರ ಇರಬಹುದಾದರೆ, ಅದು ಹೆಂಗಸಿನ ಮಾತನ್ನು ಇನ್ನಷ್ಟು ಗಟ್ಟಿ ಮಾಡುವ ಕಡೆಗಿದೆ ಎಂಬುದು ನನ್ನ ನಂಬಿಕೆ. ಬೇಡವೆಂದಾಗ ತೆಗೆಸಲು ಯಾರ ಅಪ್ಪಣೆಯೂ ಬೇಡದವಳೇ ಬೇಕೆಂದಾಗ ಉಳಿಸಿಕೊಳ್ಳಲೂ ಬಲ್ಲಳು.

2023ರ ಅಕ್ಟೋಬರ್‌ನಲ್ಲಿ ಈ ಭಿನ್ನಾಭಿಪ್ರಾಯ ದೇಶದ ಅತಿ ಎತ್ತರದ ನ್ಯಾಯಪೀಠದಲ್ಲೇ ಕಾಣಿಸಿಕೊಂಡಿತು. ಅರ್ಜಿ ಹಾಕಿದಾಕೆ 27 ವರ್ಷದ ಗೃಹಿಣಿ. ಎರಡು ಮಕ್ಕಳ ತಾಯಿ. ಎರಡನೆಯ ಕೂಸಿಗೆ ಹಾಲೂಡುತ್ತಿದ್ದರಿಂದ ಮುಟ್ಟು ಬಾರದಿದ್ದುದು ಆಕೆಗೆ ಅನುಮಾನ ತರಲಿಲ್ಲ. ಗೊತ್ತಾಗುವ ಹೊತ್ತಿಗೆ 24 ವಾರ ದಾಟಿತ್ತು. ಬಾಣಂತಿತನದ ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದಳು. ಅಕ್ಟೋಬರ್ 9ರಂದು ನ್ಯಾಯಮೂರ್ತಿ ಹಿಮಾ ಕೊಹ್ಲಿ ಮತ್ತು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಗರ್ಭಪಾತಕ್ಕೆ ಅನುಮತಿ ಕೊಟ್ಟರು. ಭ್ರೂಣ ಬದುಕುವ ಸಾಧ್ಯತೆಯಿದೆ, ಅದರ ಹೃದಯಬಡಿತ ನಿಲ್ಲಿಸಬೇಕೇ ಎಂದು ಏಮ್ಸ್ ವೈದ್ಯರೊಬ್ಬರು ಪತ್ರ ಬರೆದು ಕೇಳಿದರು. ಆ ಪತ್ರ ಹಿಡಿದು, ಆದೇಶ ಹಿಂಪಡೆಯಿರಿ ಎಂದು ಸರ್ಕಾರದ ಪರ ಹೆಚ್ಚುವರಿ ಸಾಲಿಸಿಟರ್ ಜನರಲ್ ಐಶ್ವರ್ಯ ಭಾಟಿ ಕೋರ್ಟಿಗೆ ಬಂದರು. ಅಕ್ಟೋಬರ್ 11ರಂದು ಪೀಠ ಒಡೆಯಿತು. ಹೃದಯಬಡಿತ ನಿಲ್ಲಿಸಿ ಎಂದು ಹೇಳಲು ತಮ್ಮ ನ್ಯಾಯಪ್ರಜ್ಞೆ ಒಪ್ಪದು ಎಂದರು ನ್ಯಾಯಮೂರ್ತಿ ಕೊಹ್ಲಿ. ಆ ಹೆಂಗಸಿನ ಸ್ಥಿತಿಯೂ ತೀರ್ಮಾನವೂ ಮುಖ್ಯ, ಕೊಟ್ಟ ಆದೇಶ ನಿಲ್ಲಬೇಕು ಎಂದರು ನ್ಯಾಯಮೂರ್ತಿ ನಾಗರತ್ನ. ಅಕ್ಟೋಬರ್ 16ರಂದು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ನೇತೃತ್ವದ ಮೂವರು ಪುರುಷರ ಪೀಠ ಅನುಮತಿ ನಿರಾಕರಿಸಿತು. ಬಸಿರಿಗೆ ಆಗ 26 ವಾರ ದಾಟಿತ್ತು.

ನ್ಯಾಯಮೂರ್ತಿ ನಾಗರತ್ನ ನಮ್ಮ ಹೈಕೋರ್ಟಿನಲ್ಲೇ ವಕೀಲಿಕೆ ಮಾಡಿದವರು, ಅಲ್ಲೇ ನ್ಯಾಯಮೂರ್ತಿಯಾದವರು, 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಇ.ಎಸ್. ವೆಂಕಟರಾಮಯ್ಯನವರ ಮಗಳು. ಅವರ ನಿಲುವು ನನಗೆ ಹತ್ತಿರದ್ದು. ಆದರೆ ಇಲ್ಲಿ ಗಮನಿಸಬೇಕಾದ್ದು ಬೇರೆ. ಅರ್ಜಿ ಹಾಕಿದವಳು, ಸರ್ಕಾರದ ಪರ ವಾದಿಸಿದವಳು, ತೀರ್ಪು ಕೊಟ್ಟ ಇಬ್ಬರು, ನಾಲ್ವರೂ ಹೆಂಗಸರು. ಒಬ್ಬೊಬ್ಬರೂ ತಮ್ಮ ಕಾರಣವನ್ನು ತೆರೆದ ಕೋರ್ಟಿನಲ್ಲಿ ಹೇಳಿದರು, ಯಾರೂ ಯಾರನ್ನೂ ಹೆಣ್ಣುಕುಲಕ್ಕೆ ದ್ರೋಹಿ ಎನ್ನಲಿಲ್ಲ. ಆ ಒಂದು ವಾರ ಅಲ್ಲಿ ನಡೆದಂಥ ಮಾತುಕತೆ ನಮ್ಮ ವಿಧಾನಸಭೆಯಲ್ಲಿ, ಮಹಿಳಾ ಸಂಘಗಳಲ್ಲಿ, ಕಾಲೇಜುಗಳಲ್ಲಿ ಎಂದಾದರೂ ನಡೆದಿದೆಯೇ?

ಮಾತು ನಿಂತರೆ ಏನಾಗುತ್ತದೆ ಎಂಬುದನ್ನು ಕನ್ನಡದ ಒಂದು ಮನೆ ಬಲ್ಲದು. ಸವಿತಾ ಹಾಲಪ್ಪನವರ ಬೆಳಗಾವಿಯ ಹುಡುಗಿ, ದಂತವೈದ್ಯೆ. ಗಂಡನ ಜತೆ ಐರ್ಲೆಂಡಿನ ಗಾಲ್ವೇಯಲ್ಲಿದ್ದರು. 2012ರ ಅಕ್ಟೋಬರ್ 21ರಂದು ಬೆನ್ನುನೋವೆಂದು ಆಸ್ಪತ್ರೆ ಸೇರಿದಾಗ 17 ವಾರದ ಬಸುರಿ. ಮಗು ಉಳಿಯದು ಎಂಬುದು ವೈದ್ಯರಿಗೆ ಖಚಿತವಾಗಿತ್ತು. ತೆಗೆದುಬಿಡಿ ಎಂದು ಸವಿತಾ ಕೇಳಿಕೊಂಡರು. ಹೃದಯಬಡಿತ ಇನ್ನೂ ಇದೆ, ಕಾನೂನು ಬಿಡುವುದಿಲ್ಲ ಎಂದರು. ಇದು ಕೆಥೊಲಿಕ್ ದೇಶ ಎಂಬ ಮಾತನ್ನೂ ಆಕೆ ಕೇಳಬೇಕಾಯಿತು. ಅಂದದ್ದು ಒಬ್ಬ ಹೆಂಗಸೇ, ಆಸ್ಪತ್ರೆಯ ಸೂಲಗಿತ್ತಿ. ಯಾಕೆ ಆಗುವುದಿಲ್ಲ ಎಂಬುದನ್ನು ವಿವರಿಸಲು ಹಾಗೆಂದೆ, ನೋಯಿಸಲು ಅಲ್ಲ ಎಂದು ಆಕೆ ನಂತರ ವಿಚಾರಣೆಯಲ್ಲಿ ಹೇಳಿದರು. ನಂಜು ರಕ್ತಕ್ಕೇರಿ ಅಕ್ಟೋಬರ್ 28ರಂದು ಸವಿತಾ ತೀರಿಕೊಂಡರು. ವಯಸ್ಸು 31. ಅವರನ್ನು ಕಟ್ಟಿಹಾಕಿದ್ದು 1983ರಲ್ಲಿ ಆ ದೇಶದ ಜನ, ಹೆಂಗಸರೂ ಸೇರಿ, ಮತ ಹಾಕಿ ಸಂವಿಧಾನಕ್ಕೆ ಸೇರಿಸಿದ ಎಂಟನೇ ತಿದ್ದುಪಡಿ. ತಾಯಿಯ ಜೀವಕ್ಕೂ ಭ್ರೂಣದ ಜೀವಕ್ಕೂ ಸಮಾನ ಹಕ್ಕು ಎಂದಿತ್ತು ಅದು.

ಸವಿತಾ ಸತ್ತ ಮೇಲೆ ಐರಿಷ್ ಹೆಂಗಸರು ಆಕೆಯ ಭಾವಚಿತ್ರ ಹಿಡಿದು ಬೀದಿಗಿಳಿದರು. 2018ರ ಮೇ 25ರ ಜನಮತಗಣನೆಗೆ ಮುನ್ನ, ಎಂಟನೇ ತಿದ್ದುಪಡಿಯನ್ನು ತೆಗೆಯಲು ಮತ ಹಾಕಿ ಎಂದು ಬೆಳಗಾವಿಯಿಂದ ತಂದೆತಾಯಿ ಮನವಿ ಮಾಡಿದರು. ಶೇ 66.4ರಷ್ಟು ಮಂದಿ ಹೌದೆಂದರು. ತಮ್ಮ ಮಗಳ ಹೆಸರಿನಲ್ಲಿ ಪರದೇಶದ ಸಂವಿಧಾನ ಬದಲಾಗುವುದನ್ನು ಕನ್ನಡದ ಒಂದು ಕುಟುಂಬ ನೋಡಿತು. ಆ ಪ್ರಚಾರದಲ್ಲಿ ಎರಡೂ ಕಡೆ ಹೆಂಗಸರಿದ್ದರು ಎಂಬುದು ನೆನಪಿಡಬೇಕಾದ ಸಂಗತಿ. ಮನೆಮನೆಯ ಬಾಗಿಲು ತಟ್ಟಿ, ತಮ್ಮ ಕಥೆ ತಾವೇ ಹೇಳಿ, ಒಪ್ಪದವರ ಜತೆ ಕೂತು ವಾದಿಸಿ ಅವರು ಆ ಮತಗಳನ್ನು ಸಂಪಾದಿಸಿದರು. ಅಮೆರಿಕದ ಹೆಂಗಸರದು ತದ್ವಿರುದ್ಧದ ಅನುಭವ. 1973ರಲ್ಲಿ ಕೋರ್ಟು ಕೊಟ್ಟ ಹಕ್ಕನ್ನು 2022ರ ಜೂನ್ 24ರಂದು ಕೋರ್ಟೇ ಹಿಂದಕ್ಕೆ ಪಡೆಯಿತು. ಅಷ್ಟರಲ್ಲಿ ಎರಡು ತಲೆಮಾರು ಅದನ್ನು ನಲ್ಲಿಯ ನೀರಿನಂತೆ ಬಳಸಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು ಎಂಬಂತೆ ಆಮೇಲೆ ರಾಜ್ಯರಾಜ್ಯಗಳಲ್ಲಿ ಜನಮತಗಣನೆಯ ಹೋರಾಟ ಶುರುವಾಯಿತು.

ನಮ್ಮಲ್ಲಿ ಹಾಗಾಗುವುದಿಲ್ಲ ಎನ್ನುವವರು ಬಹಳ. ಇಲ್ಲಿ ಯಾವ ದೊಡ್ಡ ಪಕ್ಷವೂ ಗರ್ಭಪಾತವನ್ನು ನಿಷೇಧಿಸುವ ಮಾತಾಡುತ್ತಿಲ್ಲ ಎಂಬುದು ನಿಜ. ಆದರೆ ಜನಸಂಖ್ಯೆ ಹೆಚ್ಚೆಂದು ಅನಿಸಿದಾಗ ಬಂದ ಕಾಯ್ದೆ ಇದು. ಮಕ್ಕಳು ಹೆಚ್ಚು ಹುಟ್ಟಲಿ ಎಂಬ ಕರೆ ಈಗ ದಕ್ಷಿಣದ ರಾಜಕಾರಣಿಗಳಿಂದಲೇ ಕೇಳಿಬರುತ್ತಿದೆ. ಲೋಕಸಭಾ ಕ್ಷೇತ್ರಗಳ ಮರುವಿಂಗಡಣೆಯಲ್ಲಿ ಕಡಿಮೆ ಹೆತ್ತ ರಾಜ್ಯಗಳಿಗೆ ನಷ್ಟವೆಂಬ ಆತಂಕ ಅದರ ಹಿಂದಿದೆ. ಆತಂಕ ಸಹಜವೇ. ಆದರೆ ಹೆರಬೇಡಿ ಎಂದಾಗಲೂ ಹೆರಿ ಎಂದಾಗಲೂ ಲೆಕ್ಕಕ್ಕೆ ಸಿಗುವುದು ಹೆಣ್ಣಿನ ಹೊಟ್ಟೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸಂತಾನಶಕ್ತಿಹರಣ ಶಿಬಿರಗಳಿಗೆ ಜನರನ್ನು ದೂಡಿದ್ದೂ ಇದೇ ಸರ್ಕಾರಿ ವ್ಯವಸ್ಥೆ. ಗಾಳಿ ತಿರುಗಿದಾಗ ಕಾಯ್ದೆಯನ್ನು ರದ್ದುಮಾಡಬೇಕೆಂದೇನೂ ಇಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ತರಬೇತಾದ ವೈದ್ಯರನ್ನು ಕೊಡದಿದ್ದರೆ ಸಾಕು, ಮಾತ್ರೆಯ ಮೇಲೆ ಇನ್ನೊಂದು ನಿಯಮ ಹೇರಿದರೆ ಸಾಕು, 88ನೇ ಕಲಮನ್ನು ಒಬ್ಬ ಇನ್‌ಸ್ಪೆಕ್ಟರ್ ಕೈಗೆತ್ತಿಕೊಂಡರೆ ಸಾಕು.

2023ರಿಂದ ಕರ್ನಾಟಕದ ರಾಜಕೀಯ ಹೆಂಗಸರ ಸುತ್ತಲೇ ತಿರುಗುತ್ತಿದೆ. ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ, ಆಗಸ್ಟ್ ಕೊನೆಯಿಂದ ಗೃಹಲಕ್ಷ್ಮಿಯ 2,000 ರೂಪಾಯಿ. ಮಾರುಕಟ್ಟೆಗೆ ಬರುವ ಹೆಂಗಸರ ಕೈಗೆ ಇವು ಕೊಟ್ಟ ಬಲವನ್ನು ಕಡೆಗಣಿಸುವುದು ಅನ್ಯಾಯ. ಬಸ್ ಚಾರ್ಜಿಲ್ಲದೆ ಬೌರಿಂಗ್‌ಗೆ ಬರಬಹುದು ಎಂಬುದೂ ಆರೋಗ್ಯದ ಹಕ್ಕೇ. ಆದರೆ ಅದೇ ವರ್ಷ 224 ಸ್ಥಾನಗಳ ವಿಧಾನಸಭೆಗೆ ಗೆದ್ದ ಹೆಂಗಸರು 10 ಮಂದಿ. ಮುಂದಿನ ವರ್ಷ 28 ಲೋಕಸಭಾ ಸ್ಥಾನಗಳಲ್ಲಿ 3. ಮಹಿಳಾ ಮೀಸಲಾತಿ ನಿಜಕ್ಕೂ ಜಾರಿಯಾಗಿ ಮೂರರಲ್ಲೊಂದು ಪಾಲು ಹೆಂಗಸರು ಬಂದರೂ ಅವರು ಈ ವಿಷಯದಲ್ಲಿ ಒಂದೇ ಮತ ಹಾಕುವುದಿಲ್ಲ, ಹಾಕಬೇಕಾಗಿಯೂ ಇಲ್ಲ. ಬೆಸಿಲಿಕಾದ ಹೆಂಗಸು ತನ್ನ ಬಸಿರನ್ನು ಉಳಿಸಿಕೊಳ್ಳಲಿ, ಪಕ್ಕದ ಬೀದಿಯ ಹೆಂಗಸನ್ನು ಜೈಲಿಗೆ ಕಳಿಸಬೇಕೇ ಎಂಬ ಪ್ರಶ್ನೆಗೆ ಮಾತ್ರ ಇಬ್ಬರೂ ಕೂತು ಉತ್ತರ ಹುಡುಕಲಿ. ಹಾಗೆ ಕೂತರೆ ಒಪ್ಪಿಗೆಯಾಗುವ ಸಂಗತಿಗಳು ನಾವು ಎಣಿಸಿದ್ದಕ್ಕಿಂತ ಹೆಚ್ಚಿರುತ್ತವೆ ಎಂಬ ಭರವಸೆ ನನಗಿದೆ. ಗರ್ಭಪಾತ ಮಹಾಪಾಪ ಎನ್ನುವ ಹೆಂಗಸೂ ಸವಿತಾಳ ಸಾವನ್ನು ಸರಿ ಎನ್ನಲಾರಳು.

ಮುಂದಿನ ಚುನಾವಣೆಗೆ ಅಭ್ಯರ್ಥಿಗಳು ಎಂದಿನಂತೆ ಹೂವಿನ ಅಂಗಡಿಗಳ ಸಾಲಿನಲ್ಲಿ ಕೈಮುಗಿಯುತ್ತ ಬರುತ್ತಾರೆ. ಚರಂಡಿಯ ಬಗ್ಗೆ, ಮಾರುಕಟ್ಟೆಯ ದುರಸ್ತಿಯ ಬಗ್ಗೆ ಕೇಳುವಾಗ ಇದನ್ನೂ ಕೇಳೋಣ: ವಾರ್ಡಿನ ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಪಾತದ ತರಬೇತಿ ಪಡೆದ ವೈದ್ಯರು ಎಷ್ಟು ಜನ? ಗಂಡನ ಸಹಿ ಬೇಡವೆಂದು ಕನ್ನಡ, ತಮಿಳು, ಉರ್ದುವಿನಲ್ಲಿ ಒಂದು ಫಲಕ ಯಾವಾಗ ಹಾಕಿಸುತ್ತೀರಿ? 88ನೇ ಕಲಮಿನಿಂದ ಹೆಂಗಸನ್ನು ಹೊರಗಿಡಿ ಎಂದು ದೆಹಲಿಗೆ ಬರೆಯುತ್ತೀರೋ ಇಲ್ಲವೋ?